ಮಂಡಿ ನೋವಿಗೆ ಎಷ್ಟು ವರ್ಷ ಬಿಡ್ತೀರಿ?

ಆರೋಗ್ಯಕ್ಕೆ ಬೆಲೆ ಕಟ್ಟುವುದು ನನ್ನ ಕೆಲಸ. ಹೀಗೆಂದ ಕೂಡಲೇ ಜನ ಒಂದೋ ಡಾಕ್ಟರೆಂದುಕೊಂಡು ನಾಲಿಗೆ ಚಾಚಿ ತೋರಿಸುತ್ತಾರೆ, ಇಲ್ಲವೇ ಯಾವ ಆಸ್ಪತ್ರೆಯ ಬಿಲ್ಲು ಕಡಿಮೆ ಮಾಡಿಸ್ತೀರಿ ಅನ್ನುತ್ತಾರೆ. ನಾನು ಎರಡೂ ಅಲ್ಲ. ವಿಶ್ವವಿದ್ಯಾಲಯದ ಒಂದು ಅಧ್ಯಯನಕ್ಕಾಗಿ ಮನೆಮನೆಗೆ ಹೋಗಿ ಒಂದು ಪ್ರಶ್ನೆ ಕೇಳುವವಳು: “ಈ ನೋವಿನ ಜೊತೆ ಹತ್ತು ವರ್ಷ ಬದುಕೋದು ಬೇಕಾ, ನೋವೇ ಇಲ್ಲದೆ ಏಳು ವರ್ಷ ಸಾಕಾ?” ನೋವು ಕಳೆಯಲು ಯಾರು ಎಷ್ಟು ವರ್ಷ ಬಿಟ್ಟುಕೊಡುತ್ತಾರೋ ಅದರ ಮೇಲೆ ಆ ನೋವಿನ ಭಾರ ಗೊತ್ತಾಗುತ್ತದೆ.

ಪುಸ್ತಕದಲ್ಲಿ ಓದುವಾಗ ಚೆನ್ನಾಗಿಯೇ ಇತ್ತು. ಹೊಸಕೋಟೆ, ದೇವನಹಳ್ಳಿ ಕಡೆ ಕೇಳಲು ಹೊರಟ ಮೇಲೆ ದಿನಕ್ಕೊಂದು ರಾಮಾಯಣ. ಇದುವರೆಗೆ ಒಬ್ಬರೂ ಒಂದು ವರ್ಷವನ್ನೂ ಬಿಟ್ಟಿಲ್ಲ. “ನೀವು ಕೇಳೋ ರೀತಿಯೇ ಸರಿಯಿಲ್ಲ, ಈ ತಿಂಗಳೂ ಹೀಗಾದ್ರೆ ಅಧ್ಯಯನ ನಿಲ್ಲಿಸೋಣ” ಎಂದು ನಮ್ಮ ಪ್ರೊಫೆಸರ್ ಹೇಳಿಬಿಟ್ಟರು. ಅಧ್ಯಯನ ನಿಂತರೆ ನನ್ನ ಕೆಲಸವೂ ಹೋಯಿತು.

ನೂರಕ್ಕೆ ನೂರು

ಸಮೇತನಹಳ್ಳಿಯ ಯಜಮಾನರೊಬ್ಬರು ಗೋಡೆ ಹಿಡಿದುಕೊಂಡೇ ಜಗುಲಿಗೆ ಬಂದು ಕೂತರು. ಒಳಗೆ ಯಾರೋ ನೆಂಟರು ಕಾಫಿ ಕುಡಿಯುತ್ತಿದ್ದರು.

“ನಿಮ್ಮ ಆರೋಗ್ಯಕ್ಕೆ ನೂರಕ್ಕೆ ಎಷ್ಟು ಕೊಡ್ತೀರಿ?”

“ನೂರು,” ಎಂದರು, ಒಳಗೂ ಕೇಳಿಸುವ ಹಾಗೆ.

“ಮಂಡಿ ನೋವು?”

“ನಮ್ಮ ವಂಶದಲ್ಲೇ ಯಾರ್ಗೂ ಇಲ್ಲ.”

“ಸಕ್ಕರೆ ಕಾಯಿಲೆ?”

“ಅದೇನು ಅಂತಾನೇ ಗೊತ್ತಿಲ್ಲ ಕಣಮ್ಮ.”

ಗೋಡೆ ಬಿಟ್ಟು ನಡೆಯಲಾರದ ಮನುಷ್ಯನಿಗೆ ನೂರು ಬರೆದುಕೊಂಡು ಬಸ್‌ಸ್ಟಾಪಿಗೆ ಬಂದೆ. ಸ್ವಲ್ಪ ಹೊತ್ತಿಗೆ ಅವರೇ ಕುಂಟುತ್ತಾ ಬಂದರು. “ಮಗಳನ್ನ ನೋಡೋಕೆ ಬಂದಿದ್ರು ಕಣಮ್ಮ, ಒಪ್ಕೊಂಡ್ಬಿಟ್ರು. ಈಗ ನಂದು ಮೂವತ್ತು ಅಂತ ಬರ್ಕೋ. ಹಂಗೇ, ಸಕ್ಕರೆಗೆ ಯಾವ ಮಾತ್ರೆ ಒಳ್ಳೇದು ಹೇಳು.”

ಬಿಡ್ತು ಅನ್ನಮ್ಮ

ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆ. ಬಿಸಿನೀರಿನಲ್ಲಿ ಗೂಡು ಕೆದಕಿ ಕೆದಕಿ ಆ ಮನೆಯ ಸೊಸೆಗೆ ಬೆರಳು ನೋವು. “ಬೆರಳು ಪೂರ್ತಿ ವಾಸಿಯಾಗುತ್ತೆ, ಆದ್ರೆ ಏಳು ವರ್ಷಕ್ಕೆ ನೀವು ತೀರ್ಕೊಳ್ತೀರಿ ಅಂದ್ಕೊಳ್ಳಿ,” ಎಂದು ಶುರು ಮಾಡಿದೆ.

ಅತ್ತೆ ಒಳಗಿನಿಂದ ಬಂದರು. “ಬಿಡ್ತು ಅನ್ನಮ್ಮ.”

“ಬಿಡ್ತು,” ಎಂದೆ.

ಆದರೆ ಉತ್ತರ ಸಿಗುವತನಕ ವರ್ಷ ಹೆಚ್ಚಿಸುತ್ತಾ ಕೇಳಬೇಕು, ಅದು ನಮ್ಮ ಕಟ್ಟಳೆ. ಎಂಟಕ್ಕೆ ತೀರ್ಕೊಂಡ್ರೆ? ಬಿಡ್ತು ಅನ್ನು. ಒಂಬತ್ತಕ್ಕೆ? ಅತ್ತೆ ಉಪ್ಪು, ಮೆಣಸಿನಕಾಯಿ ತಂದು ಸೊಸೆಗೆ ದೃಷ್ಟಿ ತೆಗೆದು ಒಲೆಗೆ ಹಾಕಿದರು. ನಾವೆಲ್ಲ ಕೆಮ್ಮಿದೆವು.

ಕೆಮ್ಮು ನಿಂತ ಮೇಲೆ ಸೊಸೆ ನಯವಾಗಿಯೇ ಹೇಳಿದಳು: “ಅಕ್ಕ, ಬೆರಳು ನೋವು ಹೆಂಗೋ ತಡ್ಕೊತೀನಿ. ನೀವು ಹೊರಡಿ.”

ಪ್ರೊಫೆಸರ್ ಬಂದರು

“ಹೇಗೆ ಕೇಳ್ಬೇಕು ಅಂತ ತೋರಿಸ್ತೀನಿ, ನೋಡಿ” ಎಂದು ಪ್ರೊಫೆಸರೇ ನನ್ನ ಜೊತೆ ಆವತಿ ಊರಿಗೆ ಬಂದರು. ಮಂಡಿ ನೋವಿನ ತಾತನ ಮನೆ. ಪಕ್ಕದಲ್ಲಿ ಅಜ್ಜಿ ಸೊಂಟಕ್ಕೆ ದಿಂಬು ಕೊಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು.

“ತಾತ, ಈ ನೋವಿನ ಜೊತೆ ಹತ್ತು ವರ್ಷ, ಇಲ್ಲವೇ ನೋವಿಲ್ಲದೆ ಏಳು ವರ್ಷ. ಯಾವುದು?”

“ನೋವಿಲ್ದಿರೋದೇ ಕೊಡಿ ಸಾಮಿ.”

ಪ್ರೊಫೆಸರ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಹುಬ್ಬು ಹಾರಿಸಿದರೂ ಸರಿ, ನನಗೆ ಹೋದ ಜೀವ ಬಂದಂತಾಯಿತು.

“ಮಿಕ್ಕಿದ್ದು ಮೂರು ವರ್ಷ ಯಾರ ಹೆಸ್ರಿಗೆ ಹೋಗ್ತದೆ?” ತಾತ ಕೇಳಿದರು.

“ಯಾರಿಗೂ ಇಲ್ಲ.”

“ಅದೆಂಗಾಯ್ತದೆ? ಸುಮ್ನೆ ಯಾಕೆ ಕಳ್ಕೊಳ್ಲಿ? ಇವಳ ಹೆಸ್ರಿಗೆ ಮಾಡ್ಕೊಡಿ. ಆಗಲ್ಲ ಅಂದ್ರೆ ನಂಗೆ ಹತ್ತೇ ಇರ್ಲಿ.”

ಪ್ರೊಫೆಸರ್ ಬೆವರಿಕೊಂಡು ವಿವರಿಸಿದರು. ತಾತ ಜಗ್ಗಲಿಲ್ಲ. ಆಯಸ್ಸನ್ನು ಹೆಂಡತಿಗೆ ವರ್ಗಾಯಿಸುವ ಗುಂಡಿ ನಮ್ಮ ಟ್ಯಾಬಿನಲ್ಲಿರಲಿಲ್ಲ. ಕೊನೆಗೆ ಪ್ರೊಫೆಸರ್ ಹತ್ತನ್ನೇ ಒತ್ತಿದರು. ನನಗೆ ಅಳು ಬರುವುದೊಂದು ಬಾಕಿ.

ಆಗ ಅಜ್ಜಿ ಅವರೆಕಾಯಿಯಿಂದ ತಲೆಯೆತ್ತದೆ ಹೇಳಿದರು: “ಈ ಸೊಂಟ ಇಟ್ಕೊಂಡು ಇನ್ನೂ ಮೂರು ವರ್ಷ ನಂಗ್ಯಾಕೆ? ನಂಗೆ ಹತ್ತೂ ಬೇಡ. ಸೊಂಟ ಸರಿ ಮಾಡಿ ಆರು ವರ್ಷ ಕೊಡಿ, ಸಾಕು. ಐದು ಅಂದ್ರೆ ಮಾತ್ರ ಒಪ್ಪಲ್ಲ, ಅದಕ್ಕೆ ಈ ನೋವೇ ವಾಸಿ.”

ಪ್ರೊಫೆಸರ್ ಎದ್ದೇ ನಿಂತರು. ಇಷ್ಟು ದಿನ ಊರೂರು ಅಲೆದರೂ ಸಿಗದಿದ್ದ ಉತ್ತರ, ಕೇಳದೆಯೇ ಸಿಕ್ಕಿತ್ತು. “ಬರ್ಕೊಳ್ಳಿ, ಬೇಗ ಬರ್ಕೊಳ್ಳಿ.”

“ಆಗಲ್ಲ ಸರ್. ಮನೆಗೆ ಒಬ್ಬರನ್ನೇ ಕೇಳಬೇಕು. ಕಂಪ್ಯೂಟರ್ ಆರಿಸಿರೋದು ತಾತನ್ನ.”

“ಯಾರ್ರೀ ಮಾಡಿದ್ದು ಈ ನಿಯಮ?”

“ನೀವೇ ಸರ್.”

ಅವರು ಕೂತು, ಅಜ್ಜಿ ಕೊಟ್ಟ ನೀರು ಕುಡಿದು, ಟ್ಯಾಬನ್ನು ನನ್ನ ಮಡಿಲಿಗೆ ಹಾಕಿದರು. “ಅಧ್ಯಯನ ಇನ್ನೊಂದು ವರ್ಷ ನಡೀಲಿ. ಕೇಳೋದು ಮಾತ್ರ ನೀವೇ ಕೇಳಿ.”