ಹಿತ್ತಿಲಲ್ಲಿ ಲಂಗರು

ನಮ್ಮ ಮನೆಯಲ್ಲಿ ಯಾವ ವಸ್ತುವೂ ಸಾಯುವುದಿಲ್ಲ. ಸಾಯಲು ನಾನು ಬಿಡುವುದಿಲ್ಲ. ತುಕ್ಕು ಹಿಡಿದ ಟ್ರಂಕು ನನ್ನ ಕೈಗೆ ಸಿಕ್ಕಿದರೆ ಸೋಫಾ ಆಗಿ ಮರುಹುಟ್ಟು ಪಡೆಯುತ್ತದೆ. ಸುಟ್ಟುಹೋದ ಟೇಬಲ್ ಫ್ಯಾನಿನ ಮೇಲೆ ಬಸಳೆ ಬಳ್ಳಿ ಹಬ್ಬುತ್ತದೆ. ಸ್ಕೂಟರಿನ ಹಳೆಯ ಸೀಟಿನ ಮೇಲೆ ಕುಳಿತು ನಾವು ಊಟ ಮಾಡುತ್ತೇವೆ. ಗುಜರಿಯವನು ನಮ್ಮ ಗೇಟಿನ ಮುಂದೆ ಕೂಗುವುದನ್ನು ನಿಲ್ಲಿಸಿ ವರ್ಷಗಳಾದವು; ಕಾಪು ಪೇಟೆಯಲ್ಲಿ ನನ್ನನ್ನು ಕಂಡರೆ ತಕ್ಕಡಿಯನ್ನು ಬೆನ್ನ ಹಿಂದೆ ಅಡಗಿಸುತ್ತಾನೆ, ಅದನ್ನೂ ಕೇಳಿಬಿಟ್ಟರೆ ಎಂಬ ಭಯದಿಂದ. ಮಣಿಪಾಲದಲ್ಲಿ ನಾನು ಗುಮಾಸ್ತನಾಗಿರುವ ಕಚೇರಿಯಲ್ಲಿ ಕುರ್ಚಿಯ ಕಾಲು ಮುರಿದರೆ ಅಟೆಂಡರ್ ಅದನ್ನು ಸೀದಾ ನನ್ನ ಮೇಜಿನ ಬಳಿ ತಂದು ನಿಲ್ಲಿಸುತ್ತಾನೆ, ರೋಗಿಯನ್ನು ಡಾಕ್ಟರ ಮುಂದೆ ನಿಲ್ಲಿಸಿದ ಹಾಗೆ. ಸೃಷ್ಟಿ, ಸ್ಥಿತಿ, ಲಯ ಮೂರಕ್ಕೂ ಮೇಲೆ ಜನ ಇದ್ದಾರೆ. ಪುನಃಸೃಷ್ಟಿಯ ಖಾತೆ ಮಾತ್ರ ಖಾಲಿ ಇತ್ತು. ಅದನ್ನು ನಾನು ವಹಿಸಿಕೊಂಡಿದ್ದೆ.

ಈ ಸರಕಾರದಲ್ಲಿ ನನ್ನ ಹೆಂಡತಿ ನಾಗವೇಣಿ ಏಕಸದಸ್ಯ ವಿರೋಧ ಪಕ್ಷ.

ಹೊಸ ಸಹಸ್ರಮಾನ ಬರುತ್ತದೆಂದು ಲೋಕವೆಲ್ಲ ಗದ್ದಲ ಎಬ್ಬಿಸುತ್ತಿದ್ದ ವರ್ಷ ಅದು. ಎರ್ಮಾಳಿನಲ್ಲಿ ನನ್ನ ಶಾಲೆಯ ಗೆಳೆಯ ದೇವದಾಸನ ಮನೆಗೆ ಹೋಗಿದ್ದೆ. ಅವನು ಮೀನುಗಾರ. ಫೈಬರ್ ದೋಣಿ ಕೊಂಡ ಮೇಲೆ ಅವನ ಅಪ್ಪನ ಕಾಲದ ಮರದ ದೋಣಿ ತೆಂಗಿನ ಬುಡದಲ್ಲಿ ಮಗುಚಿ ಬಿದ್ದಿತ್ತು.

"ಇದನ್ನು ಎಂತ ಮಾಡ್ತಿ?" ಎಂದೆ.

"ಎಂತ ಮಾಡುವುದು ಮಾರಾಯ, ಮಳೆಗಾಲಕ್ಕೆ ಸೌದೆ."

ಸೌದೆ! ಅರಬ್ಬಿ ಸಮುದ್ರದ ಬೆನ್ನ ಮೇಲೆ ಕುಣಿದು ಬಂದವಳಿಗೆ ಬಚ್ಚಲ ಒಲೆಯ ಗತಿಯೇ? ನನ್ನೊಳಗಿನ ಪುನಃಸೃಷ್ಟಿಕರ್ತ ಎದ್ದು ನಿಂತ. ಅಲ್ಲೇ ನಿರ್ಧರಿಸಿದೆ: ಈ ದೋಣಿ ನಮ್ಮ ಹಿತ್ತಿಲಲ್ಲಿ ಕೊಳವಾಗಬೇಕು, ಒಳಗೆ ತಾವರೆ, ತಾವರೆಯ ಕೆಳಗೆ ಕೆಂಪು ಮೀನು, ಪಕ್ಕದಲ್ಲಿ ಕಾಫಿ ಕುಡಿಯುತ್ತ ನಾನು.

"ಮೀನು ಹಿಡಿಯುವ ದೋಣಿಯಲ್ಲಿ ಮೀನು ಸಾಕುವುದಾ?" ದೇವದಾಸ ತಲೆ ಕೆರೆದುಕೊಂಡ. "ಸಾಕಿ ಮತ್ತೆ ಎಂತ ಮಾಡ್ತಿ? ನೀವು ತಿನ್ನುವವರಲ್ಲ."

"ನೋಡ್ತೇನೆ."

"ಎಂತ ನೋಡ್ತಿ?"

"ಮೀನನ್ನು."

"ಮತ್ತೆ?"

ಕರಾವಳಿಯಲ್ಲಿ ಸೌಂದರ್ಯಪ್ರಜ್ಞೆಗೆ ಇಷ್ಟೇ ಗೌರವ.

ದೋಣಿ ಲಾರಿಯಲ್ಲಿ ಬಂತು, ಜೊತೆಗೆ ನೀರು ತಳ್ಳುವ ಒಂದು ಹಳೆಯ ಹುಟ್ಟೂ. ಗೇಟಿನಲ್ಲಿ ಹಿಡಿಸಲಿಲ್ಲ. ಹಿತ್ತಿಲ ಕೆಂಪುಕಲ್ಲಿನ ಗೋಡೆಯನ್ನು ಒಂದು ಮಗ್ಗುಲು ಕೆಡವಿ ಒಳಗೆ ತಂದು, ಯಾರಾದರೂ ಕದ್ದುಕೊಂಡು ಹೋದರೆ ಎಂಬ ಮುಂದಾಲೋಚನೆಯಿಂದ ಗೋಡೆಯನ್ನು ಅಂದೇ ಮತ್ತೆ ಕಟ್ಟಿಸಿದೆ. ಇಡೀ ಪ್ರಕರಣದಲ್ಲಿ ನಾನು ಮಾಡಿದ ಮುಂದಾಲೋಚನೆ ಇದೊಂದೇ. ನನ್ನನ್ನು ಮುಳುಗಿಸಿದ್ದೂ ಇದೇ.

ನಾಗವೇಣಿ ಹಿಂಬಾಗಿಲಲ್ಲಿ ನಿಂತು ದೋಣಿಯನ್ನು ಮೂತಿಯಿಂದ ಬಾಲದವರೆಗೆ ನೋಡಿದಳು.

"ಇದು ಎಂತ?"

"ಕೊಳ."

"ಕೊಳಕ್ಕೆ ಹುಟ್ಟು ಎಂತಕ್ಕೆ?"

"ಅದು ದೇವದಾಸ ಸುಮ್ಮನೆ ಕೊಟ್ಟದ್ದು."

"ಇಟ್ಟುಕೊಳ್ಳಿ. ನಿಮಗೆ ಬೇಕಾದೀತು. ಈ ಮನೆಯಿಂದ ಹೊರಡುವಾಗ."

ಬಾವಿಯಿಂದ ಪೈಪು ಎಳೆದು ನೀರು ತುಂಬಿಸಿದೆ. ಊಟ ಮುಗಿಸಿ ಬರುವಷ್ಟರಲ್ಲಿ ದೋಣಿ ಖಾಲಿ, ಹಿತ್ತಿಲು ಕೊಳ! ಮೂವತ್ತು ವರ್ಷ ಸಮುದ್ರದ ಒಂದು ಹನಿಯನ್ನೂ ಒಳಗೆ ಬಿಡದ ದೋಣಿ ನಮ್ಮ ಬಾವಿಯ ನೀರನ್ನು ಒಂದು ಗಳಿಗೆಯೂ ಒಳಗೆ ಇಟ್ಟುಕೊಳ್ಳಲಿಲ್ಲ.

"ಕೊಳ ಚೆನ್ನಾಗಿ ಆಗಿದೆ," ಎಂದಳು ನಾಗವೇಣಿ. "ದೋಣಿ ಒಂದು ಬೇಕಿರಲಿಲ್ಲ."

ಅಷ್ಟು ಹೊತ್ತಿಗೆ ಉಡುಪಿಯಿಂದ ತಂದ ಕೆಂಪು ಮೀನುಗಳು ಬಚ್ಚಲಮನೆಯ ಬಕೆಟ್ಟಿನಲ್ಲಿ ಬಿಡಾರ ಹೂಡಿದ್ದವು. ಅವು ಬಕೆಟ್ಟಿನಲ್ಲಿ ಈಜುತ್ತಿದ್ದವು, ನಾವು ಚೊಂಬಿನಲ್ಲಿ ಸ್ನಾನ ಮಾಡುತ್ತಿದ್ದೆವು.

ಆ ವಾರವೇ ಕಾರ್ಕಳದಿಂದ ಫೋನು ಬಂತು. ನಮ್ಮ ಮಗಳು ಸವಿತಾಳನ್ನು ನೋಡಲು ಗಂಡಿನ ಕಡೆಯವರು ಭಾನುವಾರ ಬರುತ್ತಾರಂತೆ. ಸವಿತಾ ಅದುವರೆಗೆ ಬಂದ ಸಂಬಂಧಗಳನ್ನೆಲ್ಲ ಫೋಟೋ ನೋಡುವ ಮೊದಲೇ ಬೇಡ ಎಂದವಳು. ಈ ಮುರಳೀಧರನನ್ನು ಯಾರದೋ ಮದುವೆಯಲ್ಲಿ ಕಂಡು ಮಾತಾಡಿದ್ದಳು. ಫೋನು ಬಂದಾಗ ಬೇಡ ಎನ್ನಲಿಲ್ಲ. ಕಿಟಕಿಯ ಪರದೆ ಒಗೆಯಲು ಹೋದಳು. ನಾಗವೇಣಿಗೆ ಅಷ್ಟು ಸಾಕಾಯಿತು.

ಹುಡುಗನಿಗೆ ಕಾರವಾರದಲ್ಲಿ ಬ್ಯಾಂಕಿನ ಕೆಲಸ. ತಂದೆ ಅನಂತಯ್ಯನವರು ನಿವೃತ್ತ ಹೆಡ್‌ಮಾಸ್ತರು. ಅವರ ಮಡಿಯ ಕೀರ್ತಿ ಘಟ್ಟದ ಮೇಲಿನವರೆಗೂ ಹಬ್ಬಿತ್ತು. ನಮ್ಮದೂ ಶುದ್ಧ ಸಸ್ಯಾಹಾರಿ ಮನೆಯೇ, ಆದರೆ ಅವರ ಮುಂದೆ ನಾವು ಪಾಪಿಗಳು. ನಮ್ಮಲ್ಲಿ ಈರುಳ್ಳಿ ಅಡಿಗೆಮನೆಗೆ ಬರುತ್ತದೆ, ಅವರಲ್ಲಿ ಗೇಟಿನ ಒಳಗೂ ಬರುವುದಿಲ್ಲವಂತೆ.

"ಭಾನುವಾರದೊಳಗೆ ಆ ದೋಣಿ ಇಲ್ಲಿ ಇರಬಾರದು," ಎಂದಳು ನಾಗವೇಣಿ.

"ಗೋಡೆ ಕಟ್ಟಿಸಿ ಆಯಿತಲ್ಲ. ಇನ್ನು ಹೊರಗೆ ಹೋಗುವುದು ಹೇಗೆ? ಅದರ ಬದಲು ಭಾನುವಾರದೊಳಗೆ ಅದು ಕೊಳವಾಗಿರುತ್ತದೆ. ಹೆಡ್‌ಮಾಸ್ತರರು ನೋಡಿ ಬೆರಗಾಗಬೇಕು."

"ಅವರು ಬೆರಗಾಗುವುದು ಬೇಡ. ಒಪ್ಪಿದರೆ ಸಾಕು."

ದೇವದಾಸನಿಗೆ ಹೇಳಿ ಕಳಿಸಿದೆ. ಬಂದವನು ಹಲಗೆಗಳ ಸಂದಿಯಲ್ಲಿ ಬೆರಳಾಡಿಸಿದ. "ಒಣಗಿ ಬಿರಿದಿದೆ ಮಾರಾಯ. ಸಂದಿಗೆಲ್ಲ ಹತ್ತಿ ತುರುಕಬೇಕು. ಅದರ ಮೇಲೆ..."

ನಾನು ಕೈ ಎತ್ತಿ ತಡೆದೆ. ಮಹತ್ಕಾರ್ಯಗಳ ನಾಯಕರು ವಿವರಗಳಿಗೆ ಇಳಿಯಬಾರದು. "ನನ್ನ ಹತ್ತಿರ ಕೇಳಬೇಡ. ನಿಮ್ಮಲ್ಲಿ ದೋಣಿಗೆ ಯಾವ ಯಾವ ಕ್ರಮ ಉಂಟೋ ಅದೆಲ್ಲ ಆಗಲಿ. ಒಂದನ್ನೂ ಬಿಡಬೇಡ."

"ಎಲ್ಲವೂ?"

"ಎಲ್ಲವೂ."

ಶನಿವಾರ ಕಚೇರಿ ಮುಗಿಸಿ ಕಾಪುವಿನಲ್ಲಿ ಬಸ್ಸಿಳಿದೆ. ನಮ್ಮ ಓಣಿಗೆ ತಿರುಗುತ್ತಲೇ ಒಂದು ವಾಸನೆ ಎದುರಿಗೆ ಬಂದು ನನ್ನನ್ನು ಸ್ವಾಗತಿಸಿತು. ಮಲ್ಪೆಯ ಮೀನು ಬಂದರು ಇಡಿಯಾಗಿ ಎದ್ದು ನಮ್ಮೂರಿಗೆ ನಡೆದು ಬಂದಿದೆಯೋ ಎಂಬಂಥ ವಾಸನೆ. ಮನೆ ಹತ್ತಿರವಾದಂತೆ ಅದು ಬಲಿಯಿತು. ಗೇಟಿನಲ್ಲಿ ಎರಡು ಬೆಕ್ಕುಗಳು ನನಗಿಂತ ಮುಂದಾಗಿ ಒಳಗೆ ಹೋದವು.

ಹಿತ್ತಿಲಲ್ಲಿ ದೋಣಿ ಮದುಮಗಳ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ದೇವದಾಸ ಕೈ ಒರೆಸಿಕೊಳ್ಳುತ್ತಿದ್ದ.

"ಬೂತಾಯಿ ಎಣ್ಣೆ," ಎಂದ ಹೆಮ್ಮೆಯಿಂದ. "ಒಳಗೂ ಹೊರಗೂ ಎರಡೆರಡು ಸಲ ಹೊಡೆದಿದ್ದೇನೆ. ನಾವು ವರ್ಷ ವರ್ಷ ಹೊಡೆಯುವುದು ಇದನ್ನೇ. ಇನ್ನು ಒಂದು ಹನಿ ಸೋರುವುದಿಲ್ಲ."

ಬೂತಾಯಿ ಎಂದರೆ ಮೀನು. ಮೀನು ತಿನ್ನುವವರಿಗೆ ಪ್ರಾಣ. ಅದರ ಎಣ್ಣೆ ನಮ್ಮ ಹಿತ್ತಿಲಲ್ಲಿ, ಗಂಡಿನವರು ಬರುವ ಮುನ್ನಾದಿನ!

"ದೇವದಾಸ," ಎಂದೆ ಕ್ಷೀಣ ಸ್ವರದಲ್ಲಿ, "ಈ ವಾಸನೆ ಯಾವಾಗ ಹೋಗ್ತದೆ?"

ಅವನು ಮೂಗೆತ್ತಿ ಗಾಳಿಯನ್ನು ಒಳಗೆಳೆದುಕೊಂಡ. "ಯಾವ ವಾಸನೆ?"

ನಾಗವೇಣಿ ನನ್ನ ಜೊತೆ ಮಾತು ಬಿಟ್ಟಳು. ನನಗೆ ಕೇಳುವ ಹಾಗೆ ದೇವರ ಜೊತೆ ಮಾತಾಡತೊಡಗಿದಳು. ಪಕ್ಕದ ಮನೆಯ ಸಫಿಯಮ್ಮ ಗೋಡೆಯ ಮೇಲಿಂದ ಇಣುಕಿದರು.

"ರಾಯರೇ, ನಮ್ಮ ಬೆಕ್ಕು ಅಲ್ಲಿ ಉಂಟಾ?"

"ಉಂಟು."

"ಇರಲಿ ಬಿಡಿ. ನಮ್ಮಲ್ಲಿ ಇವತ್ತು ಬರೀ ತರಕಾರಿ."

ಭಾನುವಾರ ಬೆಳಿಗ್ಗೆಯಿಂದ ಯುದ್ಧ. ದೋಣಿಗೆ ತೆಂಗಿನ ಗರಿ ಹೊದಿಸಿದೆ. ಸಾಂಬ್ರಾಣಿ ಹಾಕಿದೆ, ಧೂಪ ಸೇವಿಸಿದ ಬೂತಾಯಿಯ ವಾಸನೆ ಬಂತು. ಫಿನೈಲು ಸುರಿದೆ, ಆಸ್ಪತ್ರೆಗೆ ಸೇರಿದ ಬೂತಾಯಿಯ ವಾಸನೆ ಬಂತು. ಕೊನೆಗೆ ನಾಗವೇಣಿ ಧೈರ್ಯ ಮಾಡಿ ಒಂದು ಬಾಣಲೆ ಇಂಗಿನ ಒಗ್ಗರಣೆ ಕೊಟ್ಟಳು. ಅಲ್ಲಿಯವರೆಗೆ ಅದು ಬರೀ ವಾಸನೆಯಾಗಿತ್ತು. ಈಗ ಊಟದ ಪದಾರ್ಥವಾಯಿತು.

ಸವಿತಾ ಸೀರೆ ಉಟ್ಟು ಬಂದು ನನ್ನ ಮುಂದೆ ನಿಂತಳು. "ಅಪ್ಪ, ಇದು ಕೆಟ್ಟರೆ ನಾನು ಅದೇ ದೋಣಿ ಹತ್ತಿ ಹೋಗ್ತೇನೆ."

"ಎಲ್ಲಿಗೆ ಮಗಾ?"

"ಅದು ಎಲ್ಲಿಯವರೆಗೆ ತೇಲುತ್ತದೋ ಅಲ್ಲಿಗೆ."

ನಗುತ್ತಲೇ ಹೇಳಿದಳು. ಆದರೆ ಕಣ್ಣು ನಗುತ್ತಿರಲಿಲ್ಲ. ನಾನು ಹೋಗಿ ದೋಣಿಗೆ ಇನ್ನೆರಡು ಗರಿ ಹೊದಿಸಿದೆ.

ಕಾರು ಬಂತು. ಅನಂತಯ್ಯನವರು ಬಿಳಿ ಪಂಚೆ, ಶಲ್ಯ, ಹಣೆಯಲ್ಲಿ ಗಂಧ. ಅವರ ಪತ್ನಿ ಅಂಬುಜಮ್ಮ. ಹಿಂದೆ ಮುರಳೀಧರ, ಇಸ್ತ್ರಿ ಮಾಡಿದ ಶರ್ಟು, ಇಸ್ತ್ರಿ ಮಾಡಿದಂಥ ಮುಖ. ಎಲ್ಲರೂ ಚಾವಡಿಯಲ್ಲಿ ಕುಳಿತರು. ನಾನು ಮಳೆಯ ಬಗ್ಗೆ ಮಾತಾಡಿದೆ, ಮುಗಿದು ತಿಂಗಳಾಗಿದ್ದರೂ. ನಾಗವೇಣಿ ಬನ್ಸು, ಶೀರಾ ತಂದಿಟ್ಟಳು. ಯಾರೂ ತಟ್ಟೆ ಮುಟ್ಟಲಿಲ್ಲ. ಫ್ಯಾನು ಹಿತ್ತಿಲ ಗಾಳಿಯನ್ನು ಶ್ರದ್ಧೆಯಿಂದ ಎಳೆದು ತಂದು ಒಬ್ಬೊಬ್ಬರಿಗೂ ಹಂಚುತ್ತಿತ್ತು.

ಅನಂತಯ್ಯನವರ ಮೂಗಿನ ಹೊಳ್ಳೆ ಅರಳಿತು. "ಎಂತದೋ ಒಂದು ವಾಸನೆ ಉಂಟಲ್ಲ?"

"ಗೊಬ್ಬರ," ಎಂದೆ. "ತೆಂಗಿನ ಮರಕ್ಕೆ ಹಾಕಿಸಿದ್ದು."

"ಗೊಬ್ಬರ ಅಲ್ಲ ಅಪ್ಪ," ಎಂದ ಮುರಳೀಧರ, ಬ್ಯಾಂಕಿನಲ್ಲಿ ತಪ್ಪಾಗಿ ಕೂಡಿಸಿದ ಲೆಕ್ಕ ತಿದ್ದುವವನ ಪ್ರಾಮಾಣಿಕತೆಯಿಂದ. "ಇದು ಬಂಗುಡೆ."

ಬಂಗುಡೆ ಎಂದರೆ ಇನ್ನೊಂದು ಮೀನು. ಅಂಬುಜಮ್ಮ ಮಗನ ಕಡೆಗೆ ನಿಧಾನವಾಗಿ ತಿರುಗಿದರು.

"ನಿನಗೆ ಹೇಗೆ ಗೊತ್ತು?"

"ಅಮ್ಮ, ಅದು... ಕಾರವಾರದಲ್ಲಿ ಪಕ್ಕದ ರೂಮಿನವರು ಎಣ್ಣೆಯಲ್ಲಿ ಕಾಯಿಸುತ್ತಾರೆ. ವಾಸನೆ ಮಾತ್ರ."

ಅನಂತಯ್ಯನವರು ಕೆಂಡವಾದರು. ಮೂವತ್ತೈದು ವರ್ಷ ಮಕ್ಕಳ ತಪ್ಪು ತಿದ್ದಿದ ಧ್ವನಿ ತಾನಾಗಿ ಎದ್ದು ಬಂತು. "ಬಂಗುಡೆಯಂತೆ ಬಂಗುಡೆ! ಬಂಗುಡೆಯ ವಾಸನೆ ಹೀಗೆ ಬರ್ತದಾ? ಸರಿಯಾಗಿ ನೋಡಿ ಹೇಳು. ಇದು ಬೂತಾಯಿ. ಅದೂ ಎಣ್ಣೆ ಬಿಟ್ಟದ್ದು."

ಹೇಳಿಯಾದ ಮೇಲೆ ಅವರಿಗೆ ಅದು ಕೇಳಿಸಿತು.

ಫ್ಯಾನು ತಿರುಗುತ್ತಿತ್ತು. ಒಂದು ಬೆಕ್ಕು ಒಳಗೆ ಬಂದು, ಎಲ್ಲರನ್ನೂ ಒಮ್ಮೆ ನೋಡಿ, ಅನಂತಯ್ಯನವರ ಪಾದದ ಬಳಿಯೇ ಹೋಗಿ ಕುಳಿತಿತು.

"ನೀವು ದಿನಾ ಸಂಜೆ ನಡೆಯಲಿಕ್ಕೆ ಹೋಗುವುದು," ಎಂದರು ಅಂಬುಜಮ್ಮ ಬಹಳ ಮೆತ್ತಗೆ, "ಯಾವ ದಿಕ್ಕಿಗೆ?"

"ಡಾಕ್ಟರು ಹೇಳಿದ್ದಲ್ವಾ, ನಡೆಯಬೇಕು ಅಂತ."

"ದಿಕ್ಕು ಕೇಳಿದ್ದು ನಾನು."

ಅಷ್ಟರಲ್ಲಿ ಬಾಗಿಲಲ್ಲಿ ಕಪ್ಪು-ಬಸಿಗಳು ಗಲಗಲ ಸದ್ದು ಮಾಡಿದವು. ಸವಿತಾ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ತುಟಿ ಕಚ್ಚಿ ನಗು ತಡೆಯುತ್ತಿದ್ದಳು. ಆ ನಗು ಕೈಗಿಳಿದು ಕಪ್ಪುಗಳನ್ನು ಕುಣಿಸುತ್ತಿತ್ತು. ಮುರಳೀಧರ ತಲೆಯೆತ್ತಿ ಅವಳನ್ನು ನೋಡಿದ. ಮುಖದ ಇಸ್ತ್ರಿ ಕಳಚಿತು. ಅವನೂ ನಕ್ಕ. ಮತ್ತೆ ಇಬ್ಬರನ್ನೂ ತಡೆಯಲಾಗಲಿಲ್ಲ. ಅಂಬುಜಮ್ಮ ಆ ನಗುವನ್ನು ನೋಡಿದರು, ಗಂಡನನ್ನು ನೋಡಿದರು, ಬನ್ಸು ಎತ್ತಿಕೊಂಡರು.

"ಹುಡುಗಿ ನಗುತ್ತಾಳೆ. ಒಳ್ಳೆಯದು," ಎಂದರು. "ನಮ್ಮ ಮನೆಗೆ ಬಂದರೆ ಅದು ಬೇಕಾಗ್ತದೆ. ನಮಗೆ ಒಪ್ಪಿಗೆ. ಇವರನ್ನು ಕೇಳುವುದು ಬೇಡ, ಇವರು ಇನ್ನು ಮಾತಾಡುವುದಿಲ್ಲ."

ನಾಗವೇಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಎದೆಯುಬ್ಬಿಸಿದೆ. ಯೋಚಿಸಿ ನೋಡಿ: ಈ ಸಂಬಂಧವನ್ನು ಕುದುರಿಸಿದ್ದು ಯಾರು? ನನ್ನ ದೋಣಿ! ಅದನ್ನು ತಂದದ್ದು ಯಾರು? ಈ ಪ್ರಶ್ನೆಯನ್ನು ನಾನು ಹೆಂಡತಿಯ ಕಡೆಗೆ ಕಣ್ಣಿನಲ್ಲೇ ಕಳಿಸಿದೆ. ಉತ್ತರವೂ ಕಣ್ಣಿನಲ್ಲೇ ಬಂತು. ಇಲ್ಲಿ ಬರೆಯುವಂತಿಲ್ಲ.

ಹೆಂಗಸರು ಮುಹೂರ್ತದ ಮಾತಿಗೆ ತೊಡಗಿದಾಗ ಅನಂತಯ್ಯನವರು ಮೆಲ್ಲನೆ ಎದ್ದು, "ನಿಮ್ಮ ಹಿತ್ತಿಲು ನೋಡುವಾ," ಎಂದರು. ಕರೆದುಕೊಂಡು ಹೋದೆ. ಗರಿ ಸರಿಸಿ ದೋಣಿ ತೋರಿಸಿದೆ. ಅವರು ಒಂದು ಸುತ್ತು ಬಂದರು. ಅಂಚಿನ ಮೇಲೆ ಬೆರಳಾಡಿಸಿ, ಮೂಗಿನ ಬಳಿ ತಂದು, ಕಣ್ಣು ಮುಚ್ಚಿದರು. ತೆರೆದಾಗ ಆ ಕಣ್ಣುಗಳಲ್ಲಿ ನನ್ನ ಬಗ್ಗೆ ಅಪಾರ ಗೌರವ ತುಂಬಿತ್ತು. ಇಷ್ಟು ವರ್ಷಗಳಲ್ಲಿ ನನ್ನ ಪುನಃಸೃಷ್ಟಿಗೆ ಸಿಕ್ಕಿದ ಮೊದಲ ಅಭಿಮಾನಿ!

ಅವರು ಹಿಂದೆ ಮುಂದೆ ನೋಡಿ, ನನ್ನ ಭುಜದ ಮೇಲೆ ಕೈಯಿಟ್ಟರು.

"ರಾಯರೇ, ತಲೆ ಅಂದರೆ ನಿಮ್ಮದು. ಹಿತ್ತಿಲಲ್ಲಿ ಒಂದು ದೋಣಿ ಇಟ್ಟುಕೊಂಡರೆ ಮುಗಿಯಿತು. ಮನೆಯಲ್ಲಿ ಎಷ್ಟು ವಾಸನೆ ಬಂದರೂ ಯಾರೂ ಕೇಳುವ ಹಾಗಿಲ್ಲ. ನನಗೆ ಇಷ್ಟು ವರ್ಷ ಹೊಳೆಯಲಿಲ್ಲ ನೋಡಿ." ಧ್ವನಿ ಇನ್ನೂ ತಗ್ಗಿತು. "ಇನ್ನು ನಾವು ಬೀಗರು, ನಾಚಿಕೆ ಎಂತಕ್ಕೆ? ಹೇಳಿ, ನಿಮ್ಮಲ್ಲಿ ಹುರಿಯುವುದಾ, ಹುಳಿ ಖಾರ ಹಾಕಿ ಪುಳಿಮುಂಚಿಯಾ?"

ಎಂಥ ಆಸೆಯಿಂದ ಕೇಳಿದರೆಂದರೆ, ಸುಳ್ಳು ಹೇಳಿ ಅವರ ಮನಸ್ಸು ತುಂಬಿಸಿಬಿಡೋಣವೇ ಎಂದು ಒಂದು ಕ್ಷಣ ನನಗೂ ಅನಿಸಿತು.

"ಇಲ್ಲ ಮಾಸ್ತರೇ," ಎಂದೆ. "ನಾವು ತಿನ್ನುವುದಿಲ್ಲ. ದೋಣಿಯಲ್ಲಿ ಕೆಂಪು ಮೀನು ಸಾಕಿ, ಕುಳಿತು ನೋಡುವಾ ಅಂತ ತಂದದ್ದು."