ಹಾರನ್ ಹೊಡೆಯದ ಡ್ರೈವರು

ದಿಲ್ಲಿಯ ರಿಂಗ್ ರೋಡಿನಲ್ಲಿ ಸಾಹೇಬರ ಗಾಡಿಯನ್ನು ಒಂದು ಗೀರೂ ಬೀಳದ ಹಾಗೆ ಓಡಿಸಿಕೊಂಡು ಬಂದಿರುವ ಈ ದೇವೇಂದ್ರಪ್ಪನಿಗೆ, ನೋಡೋಕೆ ಒಂದು ಅನಿಮೆ ಆರಿಸೋದು ಯಾವ ಮಹಾ ಕೆಲಸ? ಹೀಗಂತ ಎದೆ ತಟ್ಟಿಕೊಂಡೇ ನಾನು ಆವತ್ತು ಟಿ.ವಿ. ಮುಂದೆ ಕೂತದ್ದು!

ವಿಷಯ ಇಷ್ಟು. ನಾನು ಸರ್ಕಾರಿ ಡ್ರೈವರು. ಡಿಸ್ಪೆನ್ಸರಿಯ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ, ಬುಸ್ ಬುಸ್ ಅಂತ ಗಾಳಿ ತುಂಬಿ, ಹುಬ್ಬೇರಿಸಿದರು. "ಬಿ.ಪಿ. ಹೀಗೇ ಇದ್ದರೆ ಫಿಟ್‌ನೆಸ್ ಸರ್ಟಿಫಿಕೇಟ್ ಬರೆದು ಕೊಡಲ್ಲ. ಒಂದು ವಾರ ಬಿಟ್ಟು ಬನ್ನಿ. ಅಲ್ಲಿವರೆಗೆ ಸಿಟ್ಟು ಬಂದ್, ಟಿ.ವಿ. ನ್ಯೂಸೂ ಬಂದ್."

ಫಿಟ್‌ನೆಸ್ ಇಲ್ಲ ಅಂದರೆ ಸ್ಟೀರಿಂಗ್ ಇಲ್ಲ. ನಾನು ಫೈಲು ಹೊತ್ತುಕೊಂಡು ಮಹಡಿ ಹತ್ತಿ ಇಳಿಯಬೇಕು. ನನ್ನ ಗಾಡಿಯ ಕೀಲಿ ಇನ್ನೊಬ್ಬ ಡ್ರೈವರು ಚಂದ್ರಪ್ಪನ ಕೈಗೆ ಹೋಗುತ್ತೆ! ಆ ಚಂದ್ರಪ್ಪ ಗೇರ್ ಬದಲಾಯಿಸಿದರೆ ಪಾತ್ರೆ ಅಂಗಡಿ ಕುಸಿದ ಹಾಗೆ ಸದ್ದು ಬರುತ್ತೆ.

"ನ್ಯೂಸ್ ಬೇಡ ಅಂದ್ರೆ ಇನ್ನೇನು ನೋಡಲಿ? ಗೋಡೆನಾ?" ಅಂತ ಮನೆಗೆ ಬಂದು ರೇಗಿದೆ.

ಮಗಳು ಧಾರಿಣಿ ಕಾಲೇಜು ಓದೋಳು, ಹುಟ್ಟಿದ್ದೇ ಇಲ್ಲಿ ದಿಲ್ಲಿಯ ಸರೋಜಿನಿ ನಗರದಲ್ಲಿ. "ಪಪ್ಪಾ, ಅನಿಮೆ ದೇಖೋ ನಾ! ಮೈಂಡ್ ಶಾಂತ ಆಗುತ್ತೆ" ಅಂದಳು.

"ಅಂದ್ರೆ ಜಪಾನಿನವರ ಕಾರ್ಟೂನು ತಾನೆ?"

"ಕಾರ್ಟೂನ್ ಅನ್ಬೇಡಿ ಪ್ಲೀಸ್! ನನ್ನ ಫ್ರೆಂಡ್ಸ್ ಮುಂದೆ ಅಂತೂ ಬಿಲ್ಕುಲ್ ಅನ್ಬೇಡಿ!"

ಅವಳು ಮೊದಲು ಹಾಕಿದ್ದರಲ್ಲಿ ಒಬ್ಬ ಹುಡುಗ ಕತ್ತಿ ಎತ್ತಿಕೊಂಡು ಅರಚಿದ. ಅರಚಿದ. ಇನ್ನೂ ಅರಚಿದ. ತನ್ನ ಅಪ್ಪನ ಕಥೆ ಹೇಳಿದ, ಗುರುವಿನ ಕಥೆ ಹೇಳಿದ, ಕತ್ತಿ ಮಾತ್ರ ಮೇಲೇ! "ಹೊಡಿಯೋದಾದ್ರೆ ಹೊಡಿ, ಇಲ್ಲಾಂದ್ರೆ ಮನೆಗೆ ಹೋಗು!" ಅಂತ ನಾನೂ ಅರಚಿದೆ. ಧಾರಿಣಿ ಬದಲಾಯಿಸಿದಳು. ಎರಡನೆಯದರಲ್ಲಿ ದೆವ್ವ. ಅದನ್ನು ನನ್ನ ಹೆಂಡತಿ ಲೀಲಾವತಿ ಬಂದ್ ಮಾಡಿಬಿಟ್ಟಳು. "ಮನೇಲಿ ಇರೋದು ಸಾಲದಾ?" ಅಂದಳು, ನನ್ನ ಕಡೆ ನೋಡದೆ.

"ರಿಮೋಟ್ ಇಲ್ಲಿ ಕೊಡು! ನಾನೇ ಆರಿಸ್ತೀನಿ."

ಆರಿಸಿದೆ. ನೀಲಿ ಸಮುದ್ರ, ದಂಡೆಯಲ್ಲಿ ಪುಟ್ಟ ಬಸ್ಸು, ಕೈಗೆ ಬಿಳಿ ಗ್ಲೌಸ್ ಹಾಕಿಕೊಂಡ ವಯಸ್ಸಾದ ಡ್ರೈವರು. ನಮ್ಮ ಕಸುಬಿನವನು! ಹಿಂದಿಯಲ್ಲೇ ಮಾತಾಡ್ತಾನೆ ಬೇರೆ. ಇದಕ್ಕಿಂತ ಶಾಂತಿ ಮೂರು ಲೋಕದಲ್ಲಿ ಸಿಗುತ್ತಾ?

ಬಸ್ಸು ಹೊರಟಿತು. ಕೆಂಪು ದೀಪ ಬಂತು. ನಿಂತಿತು. ಎಡಕ್ಕೆ ಯಾರೂ ಇಲ್ಲ, ಬಲಕ್ಕೆ ಯಾರೂ ಇಲ್ಲ, ದೂರದಲ್ಲಿ ಒಂದು ಬೆಕ್ಕು.

"ಯಾರಿಗೋಸ್ಕರ ನಿಂತಿದೀಯಾ? ನಡಿ!"

"ರೂಲ್ಸ್ ಇದೆ ಪಪ್ಪಾ."

"ಅಚ್ಛಾ! ನಮ್ಮ ಧೌಲಾ ಕುವಾಂ ಸಿಗ್ನಲ್ಲಿಗೆ ಬಂದು ಹೀಗೆ ನಿಲ್ಲಲಿ, ಹಿಂದಿನವನು ಇವನನ್ನ ಸಮುದ್ರಕ್ಕೇ ತಳ್ತಾನೆ!"

ಬಸ್ಸು ಮುಂದೆ ಹೋಯಿತು. ರೈಲ್ವೆ ಗೇಟು ಬಿತ್ತು. ಟಿಣ್ ಟಿಣ್ ಟಿಣ್. ಚಿಟ್ಟೆ ಹಾರಿತು. ಮೋಡ ಸರಿಯಿತು. ರೈಲಿನ ಸುಳಿವಿಲ್ಲ. ಇವನು ನಗುತ್ತಾ ಕೂತಿದ್ದಾನೆ, ಹಿಂದಿದ್ದ ಕಾರಿನವನೂ ಸುಮ್ಮನೆ ಕೂತಿದ್ದಾನೆ. ಒಬ್ಬನೂ ಹಾರನ್ ಹೊಡೆಯಲ್ಲ! ನನ್ನ ಹೆಬ್ಬೆರಳು ತಾನಾಗಿ ದಿಂಬನ್ನು ಒತ್ತಿತು. ಬಾಯಿ ತಾನಾಗಿ "ಪೀಂ ಪೀಂ" ಅಂದಿತು. ಗೇಟು ಎದ್ದರೆ, ಒಬ್ಬಳು ಅಜ್ಜಿ ಬಸ್ಸು ಹತ್ತಿ, ಚೀಲದಲ್ಲಿ ಚಿಲ್ಲರೆ ಹುಡುಕಲು ಶುರು ಮಾಡಿದಳು. ಇವನು ಅವಳಿಗೆ ಬಗ್ಗಿ ನಮಸ್ಕಾರ ಮಾಡಿದ!

"ಅಯ್ಯೋ, ಗಾಡಿ ಬಿಡಯ್ಯಾ ಮಾರಾಯ!"

ನೋಡೋದನ್ನೇ ಬಿಟ್ಟುಬಿಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹೇಗೆ ಬಿಡೋದು? ಬಸ್ಸು ಸ್ಟೇಷನ್ ತಲುಪೋ ಮೊದಲೇ ಕಂತು ಮುಗಿಯುತ್ತೆ! ಮರುದಿನ ಮತ್ತೆ ಕೂತೆ. ಅದರ ಮರುದಿನವೂ ಕೂತೆ. ಡ್ಯೂಟಿ ಮುಗಿಸಿ ಬಂದವನೇ ಚಪ್ಪಲಿ ಕಳಚಿ ಮೊದಲು ಆ ಜಪಾನಿನವನಿಗೆ ದಾರಿ ಹೇಳೋದು, ಆಮೇಲೆ ಚಹಾ. "ಲೆಫ್ಟ್ ತಗೋ! ಓವರ್‌ಟೇಕ್ ಮಾಡು! ಸೈಕಲ್ಲಿಗೆ ಯಾಕೋ ದಾರಿ ಬಿಡ್ತೀಯಾ, ಕತ್ತೆ!"

ನಾಲ್ಕನೇ ಸಂಜೆ ಕೆಳಮನೆಯ ಪಂಜಾಬಿ ಆಂಟಿ ಬಾಗಿಲು ಬಡಿದರು. "ಭಾಯಿಸಾಬ್ ಯಾರ ಜೊತೆ ಜಗಳ ಆಡ್ತಿದಾರೆ? ಗಾರ್ಡ್ ಕರೀಲಾ?"

"ಏನಿಲ್ಲ ಆಂಟೀಜಿ," ಅಂದಳು ಲೀಲಾವತಿ ತಣ್ಣಗೆ. "ಮನಸ್ಸು ಶಾಂತ ಮಾಡ್ಕೋತಿದಾರೆ."

ವಾರ ಕಳೆಯಿತು. ಡಿಸ್ಪೆನ್ಸರಿಗೆ ಹೋದೆ. ಲೀಲಾವತಿಯೂ ಜೊತೆಗೆ ಬಂದಳು. ನನ್ನ ಮೇಲಿನ ಪ್ರೀತಿಗೆ ಬಂದಳು ಅಂತಲೇ ನಾನು ತಿಳಿದಿದ್ದು. ಡಾಕ್ಟರು ಪಟ್ಟಿ ಸುತ್ತಿದರು, ನೋಡಿದರು, ಬಿಚ್ಚಿ ಇನ್ನೊಮ್ಮೆ ಸುತ್ತಿದರು.

"ಇಳಿದಿಲ್ಲ ದೇವೇಂದ್ರಪ್ಪ. ಒಂದು ಗೆರೆ ಮೇಲೇ ಹೋಗಿದೆ. ನ್ಯೂಸ್ ನೋಡಿದ್ರಾ?"

"ಇಲ್ಲ ಸಾಬ್! ಬರೀ ಶಾಂತಿಯ ಅನಿಮೆ."

"ಸದ್ಯಕ್ಕೆ ಗಾಡಿ ಬೇಡ. ಇನ್ನೊಂದು ವಾರ ನೋಡೋಣ."

ಕೀಲಿ ಚಂದ್ರಪ್ಪನಿಗೆ ಹೋಯಿತು! ನಾನು ಎದ್ದೆ. ನಾನು ಕೂತಿದ್ದ ಸ್ಟೂಲಿನ ಮೇಲೆ ಲೀಲಾವತಿ ಬಂದು ಕೂತು ತೋಳು ಚಾಚಿದಳು.

"ನಿಂಗೂ ಬಿ.ಪಿ.ನಾ? ಯಾವಾಗಿಂದ?"

"ನಮ್ಮ ಮದುವೆ ಆದಾಗಿಂದ."

ಡಾಕ್ಟರು ಅವಳಿಗೂ ಪಟ್ಟಿ ಸುತ್ತಿ ನೋಡಿ, ಈ ಸಲ ಹುಬ್ಬಿನ ಜೊತೆ ತಾವೂ ಕುರ್ಚಿಯಿಂದ ಎದ್ದರು. "ವಾಹ್ ಮೇಡಂ! ಬಿಲ್ಕುಲ್ ನಾರ್ಮಲ್! ಏನು ಮಾಡಿದಿರಿ?"

"ನಾನೇನೂ ಮಾಡಿಲ್ಲ ಡಾಕ್ಟರ್ ಸಾಬ್. ಒಂದು ವಾರದಿಂದ ಇವರ ಬೈಗುಳವೆಲ್ಲ ಟಿ.ವಿ.ಯಲ್ಲಿರೋ ಆ ಬಸ್ ಡ್ರೈವರಿಗೇ ಹೋಗ್ತಿದೆ. ನನಗೂ ಮಗಳಿಗೂ ಒಂದೂ ಉಳಿದಿಲ್ಲ."



ಡಾಕ್ಟರು ಚೀಟಿ ಎಳೆದುಕೊಂಡರು. "ಮೇಡಂ, ನಿಮ್ಮ ಗುಳಿಗೆ ಅರ್ಧ ಮಾಡ್ತೀನಿ. ಆದರೆ ಆ ಅನಿಮೆ ತಪ್ಪಿಸಬೇಡಿ. ದಿನಕ್ಕೊಂದು, ಚಹಾಕ್ಕೆ ಮುಂಚೆ, ಇವರಿಗೆ ತೋರಿಸಿ."