ಮಾವನ ಡಬ್ಬಿಯ ಚಕ್ರವರ್ತಿಗಳು

1966ರಲ್ಲಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮುಂಬಯಿ ಸೇರಿದ ನನಗೆ ನಮ್ಮ ದೇಶದ ರಾಜರ ಹೆಸರೇ ಪೂರ್ತಿ ಗೊತ್ತಿಲ್ಲ. ರೋಮಿನ ಚಕ್ರವರ್ತಿಗಳನ್ನು ಬೇಕಾದರೆ ಕೇಳಿ! ಮೂಗು, ಗಲ್ಲ, ಕತ್ತಿನ ಮಡಿಕೆ ಸಮೇತ ವರ್ಣಿಸಬಲ್ಲೆ. ಎಲ್ಲ ನನ್ನ ಸೋದರಮಾವನ ಕೃಪೆ. ಇಡೀ ಮುಂಬಯಿಯಲ್ಲಿ ಮನುಷ್ಯರನ್ನು ಎದುರಿನಿಂದ ನೋಡಲು ಬಾರದ ಏಕೈಕ ವ್ಯಕ್ತಿ ಅವರು!

ಪರೇಲಿನ ಹೋಟೆಲಿನಲ್ಲಿ ಅವರು ಗಲ್ಲಾದ ಮೇಲೆ, ನಾನು ಟೇಬಲ್ ಒರೆಸುವವ. ರಜೆಯ ದಿನ ಉಳಿದವರು ಸಿನಿಮಾಕ್ಕೆ ಹೋದರೆ ಮಾವ ಚೋರ್ ಬಜಾರಿನಲ್ಲಿ ರೋಮಿನ ಪುರಾತನ ಬೆಳ್ಳಿ ನಾಣ್ಯ ಹುಡುಕುತ್ತಿದ್ದರು. ನಾಣ್ಯದಲ್ಲಿ ಚಕ್ರವರ್ತಿಗಳೆಲ್ಲ ಪಕ್ಕಕ್ಕೆ ತಿರುಗಿರುತ್ತಾರಷ್ಟೆ? ಅದನ್ನೇ ನೋಡಿ ನೋಡಿ ಮಾವನಿಗೆ ಪಕ್ಕದಿಂದ ಕಂಡ ಮುಖವೇ ಮುಖವಾಯಿತು. ನಮ್ಮ ದಪ್ಪ ಕತ್ತಿನ ಅಡುಗೆ ಭಟ್ಟರಿಗೆ ‘ನೀರೋ’ ಎಂದು ಹೆಸರಿಟ್ಟರು.

“ನೀರೋ ಅಂದ್ರೆ ಎಂತ, ದೊಡ್ಡ ರಾಜನಾ?” ಭಟ್ಟರಿಗೆ ಖುಷಿ.

“ಹೌದು ಭಟ್ರೇ. ಅವ ಊರು ಸುಟ್ಟ ಅಂತ ಹೇಳ್ತಾರೆ. ನೀವು ಪಾಪ, ದೋಸೆ ಮಾತ್ರ!”

ಒಮ್ಮೆ ಮಾವ ದಾದರಿನಲ್ಲಿ ಲೋಕಲ್ ರೈಲು ಹತ್ತಿದವರೇ ಕಿಟಕಿ ಸೀಟಿನವನ ಮೂಗನ್ನು ನುಂಗುವಂತೆ ನೋಡತೊಡಗಿದರು. ಆತ ರೇಗಿದ: “ಕ್ಯಾ ದೇಖ್ ರಹಾ ಹೈ?”

ಮಾವ ಕೈಮುಗಿದರು. “ಆಪ್ ತೋ ಬಾದಶಾ ಹೈ ಸಾಬ್! ರೋಮ್ ಕಾ ಟ್ರಾಜನ್!”

ಹೊಡೆತ ಬಿತ್ತೆಂದೇ ನಾನು ಕಣ್ಣು ಮುಚ್ಚಿದೆ. ತೆರೆದಾಗ ಮಾವ ಕಿಟಕಿ ಸೀಟಿನಲ್ಲಿದ್ದರು, ಬಾದಶಾ ನಿಂತಿದ್ದ!

ಇಂಥವರನ್ನು ನನಗೆ ಹೆಣ್ಣು ನೋಡಲು ಕರೆದೊಯ್ಯಬಹುದೇ? ಆದರೆ ಸೋದರಮಾವನಿಲ್ಲದೆ ನಮ್ಮಲ್ಲಿ ಸಂಬಂಧದ ಮಾತುಂಟೇ! ಮಲಾಡಿನ ಆ ಮನೆಯಲ್ಲಿ ಹುಡುಗಿ ಕಾಫಿ ತಂದಳು. ನೋಡಿದ್ದೇ ಮದುವೆಯಾದರೆ ಇವಳನ್ನೇ, ಇಲ್ಲವಾದರೆ ಯಾರೂ ಬೇಡ ಅನ್ನಿಸಿಬಿಟ್ಟಿತು.

“ಸ್ವಲ್ಪ ಕಿಟಕಿ ಕಡೆ ತಿರುಗು ಮಗಾ” ಎಂದರು ಮಾವ. ತಿರುಗಿದಳು. ಮಾವ ಎದ್ದು ನಿಂತೇಬಿಟ್ಟರು. “ಅಯ್ಯೋ, ಫೌಸ್ಟಿನಾ!”

ಹುಡುಗಿಯ ಅಪ್ಪನ ಮುಖ ಕಪ್ಪಿಟ್ಟಿತು. “ಯಾರದು ಫೌಸ್ಟಿನಾ? ನಿಮ್ಮ ಚಾಳಿನ ಕ್ರಿಶ್ಚನ್ ಹುಡುಗಿಯಾ? ಅವಳಿಗೂ ಹುಡುಗನಿಗೂ ಎಂತ ಉಂಟು, ಈಗಲೇ ಹೇಳಿ!”

“ರೋಮಿನ ರಾಣಿ ಮಾರಾಯ್ರೇ! ಸತ್ತು ಸಾವಿರದೆಂಟುನೂರು ವರ್ಷ ಆಯ್ತು!” ಮಾವ ಒಳಜೇಬಿನಿಂದ ಒಂದು ಬೆಳ್ಳಿ ನಾಣ್ಯ ತೆಗೆದುಕೊಟ್ಟರು.

ಅಪ್ಪ ಅದನ್ನು ತಿರುವಿ ತಿರುವಿ ನೋಡಿದರು, ಸಂಶಯ ಹೋಗಲಿಲ್ಲ. ಕೊನೆಗೆ ಹುಡುಗಿಯೇ ಬಗ್ಗಿ ನೋಡಿ ನಕ್ಕಳು: “ಅಪ್ಪಾ, ಮೂಗು ನನ್ನದೇ!”

ಮದುವೆಯಾಯಿತು.

ಒಂದು ದಿನ ನನ್ನ ಹೆಂಡತಿ ಕೇಳಿದಳು: “ಮಾವ, ಉಳಿದ ನಾಣ್ಯವೆಲ್ಲ ಡಬ್ಬಿಯಲ್ಲಿ. ಈ ಫೌಸ್ಟಿನಾ ಮಾತ್ರ ಯಾಕೆ ಜೇಬಲ್ಲಿ?”

ತಮಾಷೆಯ ಉತ್ತರಕ್ಕೆ ಕಾದೆ. ಮಾವ ನಾಣ್ಯವನ್ನು ಅಂಗಿಯ ತುದಿಯಿಂದ ಒರೆಸುತ್ತ ಕೂತರು.

“ಇವಳು ತೀರಿಹೋದ ಮೇಲೆ ಗಂಡ ಇವಳ ಮುಖವನ್ನು ನಾಣ್ಯದಲ್ಲಿ ಹೊಡೆಸಿದ ಮಗಾ. ಅವನು ಚಕ್ರವರ್ತಿ. ನನ್ನವಳು, ನಿಮ್ಮ ಅತ್ತೆ, ಹೋದಾಗ ನನ್ನ ಹತ್ರ ಅವಳದ್ದೊಂದು ಫೋಟೋ ಸಹ ಇರಲಿಲ್ಲ. ಒಲೆ ಮುಂದೆ ಕೂತಾಗ ಅವಳು ಹೀಗೇ ಕಾಣ್ತಿದ್ದಳು.”

ಮಾವ ಈಗಿಲ್ಲ. ನಾನು ದುಡಿದು ಕಟ್ಟಿದ ಹೋಟೆಲು ಒಂದು, ಸ್ವಂತ ಮನೆ ಒಂದು, ಮಕ್ಕಳು ಮೂರು. ಮಾವನ ಡಬ್ಬಿಯಲ್ಲಿ ಚಕ್ರವರ್ತಿಗಳು ಹದಿನಾಲ್ಕು. ಫೌಸ್ಟಿನಾ ಇಲ್ಲ, ಅವಳನ್ನು ಮಾವನ ಅಂಗೈಯಲ್ಲೇ ಇಟ್ಟು ಕಳಿಸಿದೆವು.